ಮೂರನೆಯ ದಿಬ್ಬದ ಹತ್ತಿರ ನಿಂತವಳು

ಗುರುಸಿದ್ದನಿಗೆ ಭಯ ಮೊದಲು ಬಂದದ್ದು ಬೆರಳಿಗೆ; ಮನಸ್ಸಿಗೆ ಬಂದದ್ದು ಆಮೇಲೆ.

ಉಮದಿಯ ಬಸ್ ಸ್ಟ್ಯಾಂಡಿನ ಹಿಂದೆ ಇಪ್ಪತ್ತೆರಡು ವರ್ಷದಿಂದ ಪಂಪಿನ ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತ ಬಂದ ಬೆರಳುಗಳವು. ಸುಟ್ಟ ಮೋಟರಿನ ಸುರುಳಿಯ ಮೇಲೆ ಕಣ್ಣು ಮುಚ್ಚಿ ಒಮ್ಮೆ ಕೈಯಾಡಿಸಿದರೆ ಸಾಕು, ಎಲ್ಲಿ ಕರಗಿದೆ, ಎಲ್ಲಿ ಸಡಿಲಾಗಿದೆ ಎಂದು ಹೇಳಿಬಿಡುತ್ತಿದ್ದ. ಆ ಬೆರಳುಗಳು ಈಗ ಮಗಳು ಸೃಷ್ಟಿಯ ರಿಮೋಟಿನ ರೇಸ್ ಗಾಡಿಯ ಬ್ಯಾಟರಿಯ ಮೇಲೆ ಹರಿದು, ನಡುವಿಗೆ ಬಂದು ನಿಂತವು. ಬೆಳಿಗ್ಗೆ ಸಪಾಟಾಗಿದ್ದ ಜಾಗ ಊದಿಕೊಂಡಿತ್ತು. ಹೆಚ್ಚೇನಲ್ಲ. ಹಂಚಿನ ಮೇಲಿನ ರೊಟ್ಟಿ ಪೂರಾ ಉಬ್ಬುವ ಮುನ್ನ ಒಮ್ಮೆ ಸಣ್ಣಗೆ ಉಸಿರೆಳೆದುಕೊಳ್ಳುತ್ತದಲ್ಲ, ಅಷ್ಟು.

ಅವನು ಮೈದಾನದ ಸುತ್ತ ನೋಡಿದ. ಯಾರ ಕಣ್ಣೂ ಇತ್ತ ಇರಲಿಲ್ಲ. ಬ್ಯಾಟರಿಯನ್ನು ಗಾಡಿಯ ಒಡಲಲ್ಲಿಟ್ಟು, ಅದರ ಪಟ್ಟಿಯನ್ನು ಎಂದಿಗಿಂತ ಎರಡು ಬೆರಳು ಹೆಚ್ಚು ಬಿಗಿದು ಎಳೆದು ಕಟ್ಟಿದ. ಊದಿದ್ದು ಪಟ್ಟಿಯ ಕೆಳಗೆ ಅಡಗಿತು. ಮೇಲೆ ಬಣ್ಣದ ಪ್ಲಾಸ್ಟಿಕ್ ಹೊದಿಕೆ ಕೂರಿಸಿ ಕ್ಲಿಪ್ಪು ಹಾಕಿದ. ಈಗ ನೋಡುವವರಿಗೆ ಏನೂ ಕಾಣುತ್ತಿರಲಿಲ್ಲ. ಅವನಿಗೆ ಮಾತ್ರ ಹೊದಿಕೆಯ ಮೇಲಿಂದಲೂ ಕಾಣುತ್ತಲೇ ಇತ್ತು.

ಸನಮಡಿ ಊರಿನ ಹೊರಗೆ, ಗಾಳಿಯಿಂದ ಕರೆಂಟು ಮಾಡುವ ಪವನಚಕ್ಕಿಗಳ ಸಾಲಿನ ಕೆಳಗೆ, ಹುಲ್ಲೂ ನೆಟ್ಟಗೆ ಬೆಳೆಯದ, ಕಲ್ಲುಮಣ್ಣಿನ ಗರಸಿನ ನೆಲವೊಂದಿದೆ. ಕೆಲವು ವರ್ಷಗಳ ಹಿಂದೆ ಪವನಚಕ್ಕಿಯ ರಿಪೇರಿಗೆ ಬಂದ ಪರವೂರಿನ ಹುಡುಗರು ಸಂಜೆ ಹೊತ್ತು ಹೋಗಲೆಂದು ಅಲ್ಲಿ ರಿಮೋಟಿನ ಬಗ್ಗಿ ಓಡಿಸುತ್ತಿದ್ದರು. ಒಂದು ಮೊಳಕ್ಕಿಂತ ಚೂರು ಉದ್ದದ ಗಾಡಿ. ತೂಕ ಮೂರೂವರೆ ಕಿಲೊ. ಮುಳ್ಳು ಮುಳ್ಳಾದ ನಾಲ್ಕು ಗಾಲಿ. ನೆಟ್ಟಗಿನ ದಾರಿಯಲ್ಲಿ ಬಿಟ್ಟರೆ ಮೋಟರ್ ಸೈಕಲ್ಲಿಗೆ ಸರಿಸಮ ಓಡುವಂಥದ್ದು. ಆ ಹುಡುಗರು ಕೆಲಸ ಮುಗಿಸಿಕೊಂಡು ಹೋದರು, ಹುಚ್ಚು ಇಲ್ಲೇ ಉಳಿಯಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮಹಾಂತ ಮಾಸ್ತರ ಅದಕ್ಕೊಂದು ಶಿಸ್ತು ತಂದ. ಗರಸು ಕಡಿಸಿ ನಾಲ್ಕು ದಿಬ್ಬ ಎಬ್ಬಿಸಿದ, ಹಳೆ ಪೈಪು ಹಾಸಿ ದಾರಿಯ ಅಂಚು ಗುರುತಿಸಿದ, ಓಡಿಸುವವರು ನಿಲ್ಲಲು ಒಂದಾಳೆತ್ತರದ ಅಟ್ಟ ಕಟ್ಟಿಸಿದ. ವರ್ಷಕ್ಕೆರಡು ಸಲ ವಿಜಯಪುರದ ಕಡೆಯಿಂದ, ಸಾಂಗ್ಲಿಯ ಕಡೆಯಿಂದ ಗಾಡಿಗಳು ಬರತೊಡಗಿದವು.

ಮುರಿದ ಬಗ್ಗಿಯೊಂದು ರಿಪೇರಿಗೆ ಅಂಗಡಿಗೆ ಬಂದದ್ದೇ ನೆಪವಾಗಿ ಗುರುಸಿದ್ದನೂ ಅದರೊಳಗೆ ಬಿದ್ದ. ಪಂಪಿನ ನೈಲಾನ್ ಬುಷ್ ಕೊರೆದು ಗಾಲಿಯ ತೋಳು ಮಾಡಿದ. ಬಿಸಿಲಿಗೆ ಕುಲುಕು ತಡೆಯುವ ಶಾಕಿನೊಳಗೆ ಗಟ್ಟಿ ಎಣ್ಣೆ, ಚಳಿಗೆ ತೆಳು ಎಣ್ಣೆ ಎಂಬುದನ್ನು ಯಾರೂ ಹೇಳದೆ ಕಂಡುಕೊಂಡ. ಅವನು ಕಟ್ಟುತ್ತಿದ್ದ, ಸೃಷ್ಟಿ ಓಡಿಸುತ್ತಿದ್ದಳು. ಜತ್ತದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವ ಇಪ್ಪತ್ತರ ಹುಡುಗಿ; ಹೆಬ್ಬೆರಳಿನ ಹದ ಅಂಥದ್ದು, ದಿಬ್ಬ ಹಾರಿದ ಗಾಡಿ ಗಾಳಿಯಲ್ಲೇ ಅವಳ ಮಾತು ಕೇಳಿ ಮೂಗು ತಗ್ಗಿಸುತ್ತಿತ್ತು. ಎರಡು ಸಲ ಎರಡನೆಯವಳಾಗಿ ಬಂದಿದ್ದಳು. ಈ ಸಲ ಗೆದ್ದವರು ಪುಣೆಯ ದೊಡ್ಡ ರೇಸಿಗೆ. ತಂದೆ-ಮಗಳ ನಡುವೆ ಇದ್ದದ್ದು ಒಂದೇ ಕರಾರು: ರೇಸಿನ ದಿನ ಅವಳಿಗೆ ಹೇಳದೆ ಗಾಡಿಯ ಒಂದು ಸ್ಕ್ರೂವನ್ನೂ ಅವನು ತಿರುಗಿಸಬಾರದು.

ಆ ಕರಾರನ್ನು ಅವನು ಮಧ್ಯಾಹ್ನ ಮುರಿದಿದ್ದ.

ಬೆಳಗಿನ ರೇಸಿನಲ್ಲಿ ಸೃಷ್ಟಿ ಎಲ್ಲರಿಗಿಂತ ಮುಂದಿದ್ದಳು. ಕೊನೆಯ ಒಂದು ನಿಮಿಷವಿರುವಾಗ ಗಾಡಿ ಇದ್ದಕ್ಕಿದ್ದಂತೆ ಸೊರಗಿತು. ಕೆಡಲಿಲ್ಲ, ಮುದುಕರಂತೆ ನಡೆಯಿತು; ಅವಳು ನಾಲ್ಕನೆಯವಳಾದಳು. ಕಾರಣ ಗುರುಸಿದ್ದನಿಗೆ ಗೊತ್ತಿತ್ತು. ಹೋದ ವಾರ ಅವನೇ ಮೋಟರಿನ ಸಣ್ಣ ಹಲ್ಲುಗಾಲಿ ತೆಗೆದು ಎರಡು ಹಲ್ಲು ಹೆಚ್ಚಿರುವುದನ್ನು ಹಾಕಿದ್ದ. ವೇಗ ಬಂತು, ಬ್ಯಾಟರಿ ಬೇಗ ಖಾಲಿಯಾಗತೊಡಗಿತು. ಬ್ಯಾಟರಿ ತೀರಾ ಬರಿದಾಗಬಾರದೆಂದು ಗಾಡಿಯ ಕಂಟ್ರೋಲರಿನಲ್ಲೊಂದು ಕಾವಲಿದೆ. ವೋಲ್ಟೇಜು ಇಳಿದ ಕೂಡಲೇ ಅದು ಮೋಟರಿನ ಕತ್ತು ಹಿಡಿಯುತ್ತದೆ. ಇರಲಿ ಬಿಡು ಅಪ್ಪಾ, ಮುಂದಿನ ರೇಸಿನಲ್ಲಿ ಕೈ ಬಿಗಿಹಿಡಿದು ಓಡಿಸುತ್ತೇನೆ ಎಂದು ಸೃಷ್ಟಿ ಹೇಳಿ ನೀರು ಕುಡಿಯಲು ಹೋದಳು.

ಹೊರಗಿನವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಗುರುಸಿದ್ದನದು ಈ ಸೀಮೆಯ ಕೈ. ಇಲ್ಲಿ ಹೊಲಗಳಿಗೆ ಬರುವ ಕರೆಂಟು ಕೆಲವೇ ತಾಸು, ಅದೂ ಬಲವಿಲ್ಲದ್ದು. ವೋಲ್ಟೇಜು ಇಳಿದಾಗಲೆಲ್ಲ ಪಂಪಿನ ಸ್ಟಾರ್ಟರು ಟ್ರಿಪ್ ಆಗುತ್ತದೆ, ನೀರು ನಿಲ್ಲುತ್ತದೆ. ರೈತರು ಸ್ಟಾರ್ಟರನ್ನು ಬಗಲಲ್ಲಿಟ್ಟುಕೊಂಡು ಬಂದು, ಮಿಸ್ತ್ರಿ, ಡೈರೆಕ್ಟ್ ಮಾಡಿಕೊಡ್ರಿ ಎನ್ನುತ್ತಾರೆ. ಡೈರೆಕ್ಟ್ ಎಂದರೆ ಕಾವಲಿನ ಕಟ್-ಔಟನ್ನು ಕಿತ್ತು ತಂತಿಗೆ ತಂತಿ ಜೋಡಿಸುವುದು. ಕಟ್-ಔಟ್ ಅಂಜತೈತ್ರಿ, ಮೋಟರ್ ಅಂಜಂಗಿಲ್ಲ ಎಂದು ನಗುತ್ತ ಅವನು ಸಾವಿರ ಸಲ ಮಾಡಿಕೊಟ್ಟಿದ್ದ. ಆ ಮಧ್ಯಾಹ್ನವೂ ಕೈ ತನ್ನ ಪಾಡಿಗೆ ತಾನು ಮಾಡಿತು. ಕಂಟ್ರೋಲರಿನ ಪುಟ್ಟ ಬಟನ್ನುಗಳನ್ನು ಒತ್ತಿ ಕಾವಲನ್ನು ಸೊನ್ನೆಗೆ ಇಳಿಸಿದ. ಮಗಳಿಗೆ ಹೇಳಲಿಲ್ಲ. ಗೆದ್ದ ಮೇಲೆ ಹೇಳಿದರಾಯಿತೆಂದುಕೊಂಡ.

ಎರಡನೆಯ ರೇಸನ್ನು ಸೃಷ್ಟಿ ಅರ್ಧ ಸುತ್ತಿನ ಅಂತರದಲ್ಲಿ ಗೆದ್ದಳು. ಕೊನೆಯ ಗೆರೆ ದಾಟಿದ್ದೇ ಗಾಡಿ ಸತ್ತಂತೆ ನಿಂತಿತು. ಬ್ಯಾಟರಿ ಕೈ ಸುಡುವಷ್ಟು ಬಿಸಿ. ಚಾರ್ಜಿಗೆ ಹಚ್ಚಿದರೆ ಚಾರ್ಜರು ಕೆಂಪು ದೀಪ ಬೀರಿ ಕಿರುಚಿಕೊಂಡಿತು, ಇಷ್ಟು ಬರಿದಾದದ್ದನ್ನು ನಾನು ಮುಟ್ಟಲಾರೆ ಎನ್ನುವಂತೆ. ಅದಕ್ಕೂ ಅವನಲ್ಲಿ ದಾರಿಯಿತ್ತು. ಸತ್ತ ಟ್ರ್ಯಾಕ್ಟರ್ ಬ್ಯಾಟರಿಯನ್ನು ಎಬ್ಬಿಸುವ ಹಾಗೆ, ಇದು ಬೇರೆ ಜಾತಿಯ ಬ್ಯಾಟರಿ ಎಂದು ಚಾರ್ಜರಿಗೆ ಸುಳ್ಳು ಹೇಳಿ ಹತ್ತು ನಿಮಿಷ ಕರೆಂಟು ಕುಡಿಸಿದ. ಆಮೇಲೆ ನಿಜದ ಜಾತಿಗೆ ತಿರುಗಿಸಿದ. ಚಾರ್ಜರು ಒಪ್ಪಿತು, ಹಸಿರು ದೀಪ ಹತ್ತಿತು. ಅವನು ಒಳಗೊಳಗೇ ಹಿಗ್ಗಿದ. ಹಿಗ್ಗು ಇಳಿಯುವ ಮೊದಲೇ ಬೆರಳು ಆ ಊತವನ್ನು ಕಂಡಿತ್ತು.

ಪೆಟ್ಟಿಗೆಯಲ್ಲಿ ಹಳೆಯ ಬ್ಯಾಟರಿಯೊಂದಿತ್ತು. ಅದು ಆರು ನಿಮಿಷ ಬಾಳುತ್ತದೆ, ಫೈನಲ್ಲಿಗೆ ಬೇಕಾದದ್ದು ಹತ್ತು ನಿಮಿಷ. ಅದನ್ನು ಹಾಕಿದರೆ ಸೋಲು. ಇದನ್ನು ಹಾಕಿದರೆ ಏನೆಂದು ಬೆಳಿಗ್ಗೆಯೇ ಮಹಾಂತ ಮಾಸ್ತರ ಎಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ಹೇಳಿದ್ದ. ಗುರುಸಿದ್ದ ಕೇಳುವ ಮನುಷ್ಯ. ಸಣ್ಣಂದಿನಿಂದ ಸೋಮವಾರ ಸೋಮವಾರ ಮಠದ ಕಂಬಕ್ಕೊರಗಿ ಕುಳಿತು, ಹಾಡಿ ಹೇಳುವ ಪದ್ಯಗಳನ್ನು ಒಂದಕ್ಷರ ಬಿಡದೆ ಕಿವಿಯಲ್ಲಿ ಇಟ್ಟುಕೊಂಡವನು. ಮಾಸ್ತರನ ಮಾತೂ ಹಾಗೆಯೇ ಉಳಿದಿತ್ತು.

“ಉಬ್ಬಿದ ಬ್ಯಾಟರಿ ಯಾರೂ ಟ್ರ್ಯಾಕಿಗೆ ತರಬ್ಯಾಡ್ರಿ. ಹಣ್ಣಿನಂಗ, ಉಗುರಬಣ್ಣದಂಗ ಸಿಹಿ ವಾಸನಿ ಬಂತಂದ್ರ ಕೈಯಾಗ ಹಿಡೀಬ್ಯಾಡ್ರಿ. ಉಸುಕಿನ ಡಬ್ಬಿಗೆ ಹಾಕಿ ದೂರ ಸರೀರಿ. ಅದು ಹತ್ತಿದ್ರ ಸಣ್ಣಂಗ ಹತ್ತಂಗಿಲ್ಲ, ಮಾರಿ ಕೈ ಉಳಿಯಂಗಿಲ್ಲ.”

ಉಬ್ಬಿಲ್ಲ, ಚೂರು ಊದಿದೆ ಅಷ್ಟೇ ಎಂದು ಗುರುಸಿದ್ದ ತನಗೆ ತಾನೇ ಹೇಳಿಕೊಂಡ. ಹತ್ತಿದರೂ ಗಾಡಿ ಇರುವುದು ಟ್ರ್ಯಾಕಿನ ಮೇಲೆ, ಮಗಳಿರುವುದು ಅಟ್ಟದ ಮೇಲೆ; ಸುಟ್ಟರೆ ಗಾಡಿ ಸುಟ್ಟೀತು. ಅಷ್ಟರಲ್ಲಿ ಸೃಷ್ಟಿ ಓಡಿ ಬಂದು, ಆತೇನಪ್ಪಾ ಎಂದಳು. ಬ್ಯಾಟರಿ ಹೆಂಗೈತಿ ಎಂದೂ ಕೇಳಿದಳು.

“ಚಲೋ ಐತಿ ಯವ್ವಾ,” ಎಂದ.

ಅವಳು ಗಾಡಿಯನ್ನು ಎದೆಗವಚಿಕೊಂಡು ಗೆರೆಯ ಕಡೆ ಓಡಿದಳು. ಅವಳು ತಿರುಗಿದಾಗ ಬೀಸಿದ ಗಾಳಿಯಲ್ಲಿ ಸಿಹಿಯಾದದ್ದೇನೋ ಬಂದು ಹೋಯಿತು. ಮಗಳ ಉಗುರುಬಣ್ಣವಿರಬೇಕು ಎಂದುಕೊಂಡ. ಸೃಷ್ಟಿ ಉಗುರಿಗೆ ಬಣ್ಣ ಹಚ್ಚುವವಳಲ್ಲ ಎಂಬುದು ನೆನಪಾಗುವ ಹೊತ್ತಿಗೆ ಅವಳು ಗಾಡಿಯನ್ನು ಗೆರೆಯ ಮೇಲಿಟ್ಟು ಅಟ್ಟ ಹತ್ತುತ್ತಿದ್ದಳು.

ಆಗ ಅವನಿಗೆ ಬೆಳುಂಕಿಯ ಹುಡುಗಿ ಕಾಜಲ್ ಕಂಡಳು.

ರೇಸಿನ ನಿಯಮವೊಂದಿದೆ. ಒಂದು ರೇಸು ಮುಗಿಸಿದವರು ಮನೆಗೆ ಹೋಗುವಂತಿಲ್ಲ. ಮುಂದಿನ ರೇಸಿಗೆ ತಿರುವಿಗೊಬ್ಬರಂತೆ ಕಾವಲು ನಿಲ್ಲಬೇಕು. ಗಾಡಿ ಪಲ್ಟಿಯಾದರೆ ಓಡಿಹೋಗಿ ಎರಡೂ ಕೈಯಲ್ಲಿ ಎತ್ತಿ ಗಾಲಿಯ ಮೇಲೆ ನಿಲ್ಲಿಸಬೇಕು. ಇಷ್ಟು ವರ್ಷದಲ್ಲಿ ನೂರು ಸಲ ನೋಡಿದ್ದ, ಮಗಳೂ ನಿಂತಿದ್ದಳು. ಬ್ಯಾಟರಿಯ ಪಟ್ಟಿ ಬಿಗಿಯುವಾಗ ಮಾತ್ರ ಅದು ಅವನ ತಲೆಗೆ ಬಂದಿರಲಿಲ್ಲ. ಈಗ ಬಂತು. ಕಾಜಲ್ ಕೆಳಗಿನ ಗುಂಪಿನ ರೇಸು ಮುಗಿಸಿ, ಕಿತ್ತಳೆ ಬಣ್ಣದ ಜಾಕೀಟು ಹಾಕಿಕೊಂಡು, ಮೂರನೆಯ ದಿಬ್ಬದ ಹತ್ತಿರ ಹೋಗಿ ನಿಂತಳು. ನಾಲ್ಕು ದಿಬ್ಬಗಳಲ್ಲಿ ಗಾಡಿ ಹೆಚ್ಚು ಪಲ್ಟಿಯಾಗುವುದು ಮೂರನೆಯದರಲ್ಲಿ.

ಪೀಪೀ ಎಂದು ಸದ್ದಾಯಿತು. ಎಂಟು ಗಾಡಿಗಳು ಕೆಂಪು ದೂಳು ಎಬ್ಬಿಸಿ ಹೊರಟವು.

ಮೈದಾನದ ಈಚೆ ಬದಿಯ ಹಗ್ಗದ ಹಿಂದೆ, ಬೋರಲು ಹಾಕಿದ ಕ್ರೇಟಿನ ಮೇಲೆ ಗುರುಸಿದ್ದ ಕುಳಿತ. ಪಕ್ಕದಲ್ಲಿ ಬಂದು ಕುಳಿತವನು ಸಾತಪ್ಪ, ಕಾಜಲಳ ತಂದೆ. ಬೆಳುಂಕಿಯವನು, ಮೂರು ತಲೆಮಾರಿನಿಂದ ಕುರಿ ಸಾಕಿದ ಮನೆತನ. ಗುರುಸಿದ್ದನಿಗಿಂತ ಐದಾರು ವರ್ಷ ಹಿರಿಯ. ಕಾಜಲಳ ಗಾಡಿಯನ್ನೂ ಹಳೆ ಸಾಮಾನು ಕೂಡಿಸಿ ಕಟ್ಟಿಕೊಟ್ಟವನು ಗುರುಸಿದ್ದನೇ. ಅದಕ್ಕೆ ಸಾತಪ್ಪ ತಾನೇ ಒಂದು ಕರಿಯ ಕಂಬಳಿ ತಂದು ಅವನ ಹೆಗಲಿಗೆ ಹೊದಿಸಿ ಹೋಗಿದ್ದ.

ಸಾತಪ್ಪನಿಗೆ ಆ ದಿನ ಮಾತು ಮುಗಿಯುತ್ತಿರಲಿಲ್ಲ. ಮಗಳು ತನ್ನ ಗುಂಪಿನಲ್ಲಿ ಮೂರನೆಯವಳಾಗಿದ್ದಳು. ಮುಂದಿನ ತಿಂಗಳು ನರ್ಸಿಂಗ್ ಕಲಿಯಲು ಸಾಂಗ್ಲಿಗೆ ಹೋಗುವವಳಿದ್ದಳು. ಅವಳ ಕೈಗುಣವೇ ಹಾಗೆ ಎಂದು ಹೇಳತೊಡಗಿದ. ಹೋದ ಸುಗ್ಗಿಯಲ್ಲಿ ಒಂದು ಕುರಿಗೆ ಮರಿ ಅಡ್ಡ ಬಂದಿತ್ತಂತೆ. ಸಾತಪ್ಪನ ಕೈ ದಪ್ಪ, ಒಳಗೆ ಹೋಗದು. ಕಾಜಲ್ ಕೈಗೆ ಎಣ್ಣೆ ಸವರಿಕೊಂಡು ಒಳಗೆ ಹಾಕಿ, ಕಣ್ಣು ಮುಚ್ಚಿಕೊಂಡು, ಮರಿಯ ಮುಂಗಾಲು ಹುಡುಕಿ ತಿರುಗಿಸಿ ಹೊರಗೆ ತಂದಳಂತೆ. ತಾಯಿಯೂ ಉಳಿಯಿತು, ಮರಿಯೂ ಉಳಿಯಿತು.

“ನಿನ್ನಂಗ ನೋಡು ಮಿಸ್ತ್ರಿ,” ಎಂದ ಸಾತಪ್ಪ. “ಆಕೀನೂ ಕೈಲೇ ನೋಡ್ತಾಳ, ಕಣ್ಣು ಬೇಕಾಗಿಲ್ಲ.”

ಗುರುಸಿದ್ದ ಹೂಂ ಎಂದ. ಕಣ್ಣು ಮೂರನೆಯ ದಿಬ್ಬ ಬಿಟ್ಟು ಕದಲಲಿಲ್ಲ. ಒಂದು ಗಾಡಿ ಹಾರಿ ಇಳಿಯಿತು. ಇನ್ನೊಂದು. ಹಳದಿ ಹೊದಿಕೆಯ ಸೃಷ್ಟಿಯ ಗಾಡಿ ಮೂರನೆಯದಾಗಿ ಮೇಲೆದ್ದು, ಗಾಳಿಯಲ್ಲಿ ಮೂಗು ತಗ್ಗಿಸಿ, ಹೂವಿನಂತೆ ಇಳಿದು ಮುಂದೆ ಹೋಯಿತು. ಒಂದು ಸುತ್ತಾಯಿತು. ಇಂಥ ಇನ್ನೂ ಇಪ್ಪತ್ತು ಸುತ್ತು.

ಎದೆಯ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಹಿಡಿದುಕೊಂಡ. ಭಯವಾದಾಗ ಹೇಳಿಕೊಳ್ಳುವ ಪದ್ಯವೊಂದಿತ್ತು, ತಾಯಿಯ ಬಾಯಿಂದ ಕೇಳಿದ್ದು. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಮತ್ತೆ ಮೊದಲಿನಿಂದ ಹಿಡಿದ. ಮತ್ತೆ ಅಲ್ಲೇ ಕಡಿಯಿತು. ನಲವತ್ತು ವರ್ಷ ನೀರಿನಂತೆ ಹರಿದು ಬರುತ್ತಿದ್ದದ್ದು, ಕಿವಿಯಲ್ಲಿ ಉಳಿದಿರಲೇ ಇಲ್ಲವೇನೋ ಎಂಬಂತೆ ಬತ್ತಿ ಹೋಗಿತ್ತು.

ಎದ್ದು ಹೋಗಿ ಮಾಸ್ತರನಿಗೆ ಹೇಳಬಹುದಿತ್ತು. ಮಾಸ್ತರ ಇದ್ದದ್ದು ಟ್ರ್ಯಾಕಿನ ಆಚೆ ಬದಿ, ಅಟ್ಟದ ಕೆಳಗೆ, ಮೈಕು ಹಿಡಿದುಕೊಂಡು. ಹಗ್ಗ ಸುತ್ತಿಕೊಂಡು ಹೋಗಲು ಮೂರು ನಿಮಿಷ. ಹೋದರೆ ಮಗಳ ರೇಸು ನಿಲ್ಲುತ್ತದೆ. ಎಲ್ಲರ ಮುಂದೆ, ಸುಳ್ಳು ಹೇಳಿದೆ ಎನ್ನಬೇಕಾಗುತ್ತದೆ. ಅವಳು ಅಟ್ಟದ ಮೇಲಿಂದ ನೋಡುವ ನೋಟವನ್ನು ನೆನೆದ. ಇನ್ನೊಂದು ಸುತ್ತು ನೋಡೋಣ ಎಂದುಕೊಂಡ. ಆ ಸುತ್ತೂ ಸುಸೂತ್ರ ಹೋಯಿತು. ಇನ್ನೊಂದು ಎಂದುಕೊಂಡ.

ಆರನೆಯ ಸುತ್ತಿನಲ್ಲಿ ಸೃಷ್ಟಿ ಎರಡನೆಯ ಜಾಗಕ್ಕೆ ಬಂದಳು. ಏಳನೆಯದರಲ್ಲಿ ಮುಂದಿನ ಗಾಡಿಯ ದೂಳು ಅವಳಿಗೆ ಅಡ್ಡವಾಯಿತೋ ಏನೋ, ಮೂರನೆಯ ದಿಬ್ಬದಲ್ಲಿ ಹಳದಿ ಗಾಡಿ ಓರೆಯಾಗಿ ಎದ್ದು ಬೆನ್ನಡಿಯಾಗಿ ಬಿತ್ತು.

ಕಾಜಲ್ ಓಡಿದಳು. ಗುರುಸಿದ್ದ ಅರ್ಧ ಎದ್ದ. ಬಾಯಿ ತೆರೆದ. ಅವಳು ಆಗಲೇ ಬಗ್ಗಿ ಗಾಡಿಯನ್ನು ಎರಡೂ ಅಂಗೈಯಲ್ಲಿ ಎತ್ತಿ, ಎದೆಯ ಮಟ್ಟಕ್ಕೆ ತಂದು, ಗಾಲಿಗೆ ಸಿಕ್ಕಿದ್ದ ಕಸವನ್ನು ಮುಖ ಹತ್ತಿರ ತಂದು ನೋಡಿ ಕಿತ್ತು, ನೆಲಕ್ಕಿಟ್ಟಾಗಿತ್ತು. ಗಾಡಿ ಓಡಿತು. ಎಣಿಸಿದರೆ ಮೂರು ಸೆಕೆಂಡು. ಗುರುಸಿದ್ದ ಮತ್ತೆ ಕ್ರೇಟಿನ ಮೇಲೆ ಕುಳಿತ.

ಏನೂ ಆಗಲಿಲ್ಲ. ಏನೂ ಆಗುವುದಿಲ್ಲ ಎಂದು ಅವನು ಇನ್ನೂ ಅಂದುಕೊಳ್ಳುತ್ತಿದ್ದಾಗ, ದಿಬ್ಬದ ಹತ್ತಿರ ಕಾಜಲ್ ತನ್ನ ಅಂಗೈಯನ್ನು ಜಾಕೀಟಿಗೆ ಒರೆಸಿಕೊಂಡು ಮೂಗಿನ ಹತ್ತಿರ ತಂದಳು. ಒಮ್ಮೆ ಮೂಸಿದಳು. ಮುಖ ಕಿವುಚಿ ಮತ್ತೊಮ್ಮೆ ಮೂಸಿದಳು.

ಸಾತಪ್ಪ ನಕ್ಕ. “ಏನ್ ಮೂಸ್ತಾಳ ನೋಡು. ಕುರಿ ಹಿಕ್ಕಿ ಮುಟ್ಯಾಳೇನೋ.”

ಗುರುಸಿದ್ದ ನಗಲಿಲ್ಲ. ಒಡೆದಿದೆ, ಒಳಗಿನದು ಹೊರಗೆ ಸೋರುತ್ತಿದೆ ಎಂದು ಈಗ ಖಾತ್ರಿಯಾಗಿತ್ತು. ಗಾಡಿ ಅವನ ಮುಂದೆಯೇ ಹಾಯ್ದು ಹೋದಾಗ ಮೋಟರಿನ ದನಿ ಕೇಳಿದ. ಸ್ವರ ಒಂದು ಎಳೆ ಇಳಿದಿತ್ತು. ಹಳದಿ ಹೊದಿಕೆಯ ನಡುಭಾಗ ಮೇಲಕ್ಕೆ ಎದ್ದಿತ್ತು, ಒಳಗಿನಿಂದ ಯಾರೋ ಬೆನ್ನು ಕೊಟ್ಟು ನೂಕುತ್ತಿದ್ದ ಹಾಗೆ.

ಹೇಳಬೇಕು ಎಂದುಕೊಂಡ. ಈಗ ಹೇಳಬೇಕು. ಹಗ್ಗದ ಕೆಳಗೆ ನುಸುಳಿ ನೇರ ಟ್ರ್ಯಾಕು ದಾಟಿ ಹೋಗಬೇಕು. ಕಾಲು ಮಾತ್ರ ಕ್ರೇಟಿಗೆ ಹೊಲಿದಂತೆ ಕುಳಿತೇ ಇತ್ತು. ಎಂಟು. ಒಂಬತ್ತು. ಮೈಕಿನಲ್ಲಿ ಮಾಸ್ತರನ ದನಿ ಏರಿತು: ಉಮದಿಯ ಸೃಷ್ಟಿ ಮುಂದೆ ಬಂದಳು, ಉಮದಿಯ ಸೃಷ್ಟಿ ಮೊದಲನೆಯ ಜಾಗದಲ್ಲಿ. ಸಾತಪ್ಪ ಸಂತೋಷದಿಂದ ಗುರುಸಿದ್ದನ ತೊಡೆಯ ಮೇಲೆ ಬಡಿದ. ಆ ಏಟಿಗೆ ಗುರುಸಿದ್ದ ಬೆಚ್ಚಿಬಿದ್ದ.

ಹತ್ತನೆಯ ಸುತ್ತಿನಲ್ಲಿ ಗಾಡಿ ಮೂರನೆಯ ದಿಬ್ಬವನ್ನು ಏರಿತು, ಮೇಲೆದ್ದಿತು. ಗಾಳಿಯಲ್ಲಿರುವಾಗ ಮೋಟರು ಒಮ್ಮೆ ಬಿಕ್ಕಿತು. ಮೂಗು ತಗ್ಗಲಿಲ್ಲ. ಬಾಲದ ಮೇಲೆ ಬಿದ್ದು, ಎರಡು ಸಲ ಉರುಳಿ, ಹೊಟ್ಟೆ ಮೇಲಾಗಿ ನಿಂತಿತು.

ಕಾಜಲ್ ಇದ್ದದ್ದು ಗಾಡಿಯಿಂದ ಮೂವತ್ತು ಹೆಜ್ಜೆ ದೂರ.

ಗುರುಸಿದ್ದ ಎದ್ದು ನಿಂತು ಕೂಗಿದ. ಮುಟ್ಟಬ್ಯಾಡ ಎಂದು ಕೂಗಿದ, ಕೂಗಿದೆನೆಂದುಕೊಂಡ. ಮೆತ್ತಗಿನ ದನಿಯ ಮನುಷ್ಯ. ಜೀವನವಿಡೀ ಕೇಳಿದವನೇ ಹೊರತು ಕೂಗಿದವನಲ್ಲ. ಮೈಕಿನ ಅಬ್ಬರದಲ್ಲಿ ಆ ದನಿ ಹಗ್ಗವನ್ನೂ ದಾಟಲಿಲ್ಲ. ಕಾಜಲ್ ಓಡುತ್ತಿದ್ದಳು. ಅವನು ಸಾತಪ್ಪನ ತೋಳನ್ನು ಎರಡೂ ಕೈಯಲ್ಲಿ ಹಿಡಿದ.

“ಅಣ್ಣಾ, ಆಕಿನ್ನ ನಿಂದರಸು. ಅದು ಸಿಡೀತೈತಿ. ಬ್ಯಾಟರಿ ನಾನ ಕೆಡಿಸೀನಿ, ನನಗ ಗೊತ್ತಿತ್ತು. ನಿಂದರಸು ಅಣ್ಣಾ.”

ಸಾತಪ್ಪ ಅವನ ಮುಖ ನೋಡಿದ. ಏನು, ಯಾಕೆ ಎಂದು ಕೇಳಲಿಲ್ಲ. ಕತ್ತನ್ನು ಹಿಂದಕ್ಕೆ ಎಳೆದು, ಗಂಟಲಿನ ತಳದಿಂದ ಒಂದು ಕೂಗು ತೆಗೆದ. ಅದು ಮಾತಲ್ಲ, ಹೆಸರಲ್ಲ. ಕುರಿಹಿಂಡು ಬಾವಿಯ ಬಾಯಿಗೋ, ಲಾರಿ ಬರುವ ರಸ್ತೆಗೋ ನುಗ್ಗುವಾಗ ಕುರುಬರು ತೆಗೆಯುವ ಕೂಗು. ಉದ್ದಕ್ಕೆ ಹೋಗಿ ಕೊನೆಯಲ್ಲಿ ಕತ್ತರಿಸಿದಂತೆ ನಿಲ್ಲುವಂಥದ್ದು. ಅದನ್ನು ಕೇಳಿದ ಕುರಿ ಎತ್ತಿದ ಕಾಲನ್ನು ಮುಂದಿಡುವುದಿಲ್ಲ. ಹಿಂಡಿನ ಜೊತೆ ಬೆಳೆದ ಮಕ್ಕಳೂ ಇಡುವುದಿಲ್ಲ. ಮೈಕಿನ ಸದ್ದಿನ ಕೆಳಗಿನಿಂದ ಆ ಕೂಗು ನೆಲ ಹಿಡಿದು ಹೋಯಿತು.

ಕಾಜಲ್ ನಿಂತಳು. ಬಗ್ಗಿದ್ದವಳು ಬಗ್ಗಿದ ಹಾಗೆಯೇ ನಿಂತಳು. ಕೈಗೂ ಗಾಡಿಗೂ ನಡುವೆ ಒಂದು ಗೇಣು.

ಏನೂ ಆಗಲಿಲ್ಲ. ಗಾಲಿಗಳು ಗಾಳಿಯಲ್ಲಿ ತಿರುಗುತ್ತಿದ್ದವು. ಮೈಕಿನಲ್ಲಿ ಮಾಸ್ತರ, ಮೂರನೆಯ ದಿಬ್ಬದವರು ಗಾಡಿ ಎತ್ತಬೇಕು, ಲಗೂನ ಎತ್ತಬೇಕು ಎನ್ನುತ್ತಿದ್ದ. ಅಟ್ಟದ ಮೇಲಿಂದ ಸೃಷ್ಟಿ, ಎತ್ತಲೇ ಕಾಜಲ್ ಎಂದು ಕಾಲು ಕುಟ್ಟುತ್ತಿದ್ದಳು. ಮೊದಲ ಜಾಗ ಅವಳ ಕಣ್ಣೆದುರಿಗೆ ಕೈ ತಪ್ಪುತ್ತಿತ್ತು. ಕಾಜಲ್ ತಲೆಯೆತ್ತಿ ಅಟ್ಟ ನೋಡಿದಳು, ತಂದೆಯತ್ತ ನೋಡಿದಳು. ಕೈ ಮತ್ತೆ ಗಾಡಿಯ ಕಡೆ ಅರ್ಧ ಹೋಯಿತು.

ಸಾತಪ್ಪ ಎರಡನೆಯ ಸಲ ಕೂಗಿದ. ಈ ಸಲ ಅವಳು ಹಿಂದಕ್ಕೆ ಹೆಜ್ಜೆ ಇಟ್ಟಳು. ಒಂದು, ಎರಡು, ಆಮೇಲೆ ತಿರುಗಿ ಓಡಿದಳು.

ಮೊದಲು ಬುಸ್ಸೆಂದಿತು, ಹಾವಿನ ಹಾಗೆ. ಹೊದಿಕೆಯ ಅಂಚಿನಿಂದ ಬೆಳ್ಳಗಿನ ಹೊಗೆ ಹೊರಬಂತು. ಹೊಗೆಯ ಹಿಂದೆಯೇ ಆಳೆತ್ತರದ ಉರಿ, ಸೀದಾ ಒಂದು ಸರಳಿನಂತೆ ಮೇಲಕ್ಕೆ, ಅವಳ ಮುಖವಿದ್ದ ಜಾಗಕ್ಕೆ. ಹಳದಿ ಪ್ಲಾಸ್ಟಿಕ್ಕು ಕರಗಿ ನೆಲಕ್ಕೆ ತೊಟ್ಟಿಕ್ಕಿತು. ಏನೋ ಸಿಡಿದು ಹತ್ತು ಮಾರು ದೂರ ಹೋಗಿ ಬಿತ್ತು. ಮೈಕು ನಿಂತಿತು. ಉಳಿದ ಗಾಡಿಗಳು ಎಲ್ಲಿದ್ದವೋ ಅಲ್ಲೇ ನಿಂತವು. ಆ ಬಯಲಿನಲ್ಲಿ ಆ ಉರಿ ಮತ್ತು ಮೇಲೆ ತಿರುಗುವ ಪವನಚಕ್ಕಿಯ ರೆಕ್ಕೆ, ಇವೆರಡರ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಉಸುಕು ಸುರಿದರು. ಒಂದು ಬುಟ್ಟಿ ಸಾಲಲಿಲ್ಲ, ಮೂರು ಸುರಿದರು. ಉಸುಕಿನ ಕೆಳಗೆ ಅದು ಇನ್ನೂ ಎರಡು ಸಲ ಕೆಮ್ಮಿತು. ಪ್ರತಿ ಸಲಕ್ಕೂ ಸುತ್ತ ನಿಂತವರೆಲ್ಲ ಹಿಂದೆ ಸರಿದರು.

ಮಹಾಂತ ಮಾಸ್ತರ ಬಂದು, ಬ್ಯಾಟರಿ ಯಾರು ಹಾಕಿದ್ದು ಎಂದು ಕೇಳಿದ. ಅಷ್ಟರಲ್ಲಿ ಸೃಷ್ಟಿ ರಿಮೋಟು ಹಿಡಿದುಕೊಂಡೇ ಓಡಿ ಬಂದಳು. ಹಾಕಿದವರು ನಮ್ಮಪ್ಪ, ನೋಡಿಯೇ ಹಾಕಿದ್ದಾರೆ, ಪಲ್ಟಿಯಾದಾಗ ಕಲ್ಲು ಚುಚ್ಚಿ ಶಾರ್ಟ್ ಆಗಿರಬೇಕು, ನಮ್ಮಪ್ಪನ ಕೈಯಲ್ಲಿ ಇಂಥದ್ದು ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದಳು. ಮಾಸ್ತರನೂ ಹೌದೆನ್ನುವಂತೆ ತಲೆಯಾಡಿಸಿದ. ಉಮದಿಯ ಮಿಸ್ತ್ರಿಯನ್ನು ಅನುಮಾನಿಸುವವರು ಅಲ್ಲಿ ಯಾರೂ ಇರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ಬಿಚ್ಚಬಹುದಾದವನು ಸಾತಪ್ಪನೊಬ್ಬ. ಅವನು ಬಿಚ್ಚುವವನಂತೆ ಕಾಣಲಿಲ್ಲ.

ಗುರುಸಿದ್ದ ಹೇಳಿದ. ಕಾವಲು ತೆಗೆದದ್ದು, ಚಾರ್ಜರಿಗೆ ಸುಳ್ಳು ಹೇಳಿದ್ದು, ಊದಿದ್ದನ್ನು ಪಟ್ಟಿಯ ಕೆಳಗೆ ಅಮುಕಿದ್ದು, ವಾಸನೆ ಬಂದದ್ದು. ಒಂದಾದ ಮೇಲೊಂದು, ತಗ್ಗಿದ ದನಿಯಲ್ಲಿ, ಎಲ್ಲರಿಗೂ ಕೇಳುವಷ್ಟು.

ಸೃಷ್ಟಿ ರಿಮೋಟಿನ ಬಟನ್ನು ಒತ್ತಿ ಆರಿಸಿದಳು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಅತ್ತಿತ್ತ ನೋಡಿ, ಕೊನೆಗೆ ನೆಲದ ಮೇಲಿಟ್ಟಳು.

“ಒಂದ್ ಮಾತು ಹೇಳಿದ್ರ ಹಳೀದು ಹಾಕ್ಕೋತಿದ್ದೆ, ಅಪ್ಪಾ,” ಎಂದಳು. “ಸೋಲ್ತಿದ್ದೆ, ಅಷ್ಟ.” ಆಮೇಲೆ ಕಾಜಲ್ ನಿಂತ ಕಡೆ ಹೋಗುವ ಮನಸ್ಸಾಗಿ ಎರಡು ಹೆಜ್ಜೆ ಇಟ್ಟವಳು, ಎತ್ತಲೇ ಎಂದು ಕೂಗಿದವಳು ತಾನೇ ಎಂಬುದು ನೆನಪಾಗಿ ಅಲ್ಲೇ ನಿಂತುಬಿಟ್ಟಳು.

ಜನ ನಿಧಾನಕ್ಕೆ ಚದುರಿದರು. ಮಾಸ್ತರ ಕಾಗದದಲ್ಲಿ ಏನೋ ಬರೆದುಕೊಂಡ. ಉಮದಿಯ ಗಾಡಿ ಇನ್ನು ಮುಂದೆ ಈ ಮೈದಾನಕ್ಕೆ ಬರುವಂತಿಲ್ಲ ಎಂದು ನಾಳೆ ನಾಲ್ಕು ಜನ ಕೂಡಿ ತೀರ್ಮಾನಿಸಬಹುದು ಎಂದ. ಗುರುಸಿದ್ದ ಅದನ್ನು ಕೇಳಿದನೋ ಇಲ್ಲವೋ. ಸಾತಪ್ಪ ಮಾತ್ರ ಅವನ ಮುಂದಿನಿಂದ ಕದಲಿರಲಿಲ್ಲ. ಆ ಎರಡು ಕೂಗಿಗೇ ಅವನ ಗಂಟಲು ಒಡೆದಿತ್ತು.

“ಮಿಸ್ತ್ರಿ,” ಎಂದ. “ನಾ ಬಂದು ಬಾಜೂಕ ಕುಂತಾಗ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

“ಕುರಿಮರಿ ಮಾತು ಹೇಳಿದ್ನಲ್ಲ, ಆಗ?”

“ಆಗೂ ಗೊತ್ತಿತ್ತು ಅಣ್ಣಾ. ಮೊದಲಿಂದ ಗೊತ್ತಿತ್ತು.”

ಬಯ್ಯುತ್ತಾನೆಂದು ಗುರುಸಿದ್ದ ಕಾದ. ಹೊಡೆದರೂ ಹೊಡೆಯಲಿ ಎಂದು ಕಾದ. ಸಾತಪ್ಪ ಒಂದು ಗಳಿಗೆ ಅವನ ಮುಖವನ್ನು ಹೊಸಬನನ್ನು ನೋಡುವಂತೆ ನೋಡಿದ. ಆಮೇಲೆ ಮಗಳ ಹತ್ತಿರ ಹೋದ. ಅವಳ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿ, ಒಂದೊಂದನ್ನೇ ಮೂಗಿಗೆ ತಂದು ಮೂಸಿದ. ಬೇವಿನ ಮರದ ಕೆಳಗಿನ ನೀರಿನ ಹರವಿಯ ಕಡೆಗೆ ಅವಳನ್ನು ಕರೆದುಕೊಂಡು ಹೋಗಿ ಕೂರಿಸಿದ. ಚರಿಗೆ ತುಂಬಿ ತುಂಬಿ ಅವಳ ಕೈಮೇಲೆ ನೀರು ಹುಯ್ದ. ಕೆಂಪು ಮಣ್ಣು ಹಚ್ಚಿ ಬೆರಳು ಬೆರಳನ್ನೂ ತಿಕ್ಕಿ ತೊಳೆದ, ಮತ್ತೆ ಮೂಸಿ ನೋಡಿದ, ಮತ್ತೆ ತೊಳೆದ.

ಗುರುಸಿದ್ದ ದೂರದಲ್ಲಿ ನಿಂತಿದ್ದ. ಹತ್ತಿರ ಹೋಗಲು ಅವನಿಗೆ ಧೈರ್ಯವಿರಲಿಲ್ಲ, ಅವರು ಎದ್ದು ಹೋಗುವ ಮೊದಲು ತಾನು ಅಲ್ಲಿಂದ ಹೋಗಲೂ ಧೈರ್ಯವಿರಲಿಲ್ಲ. ಸಾತಪ್ಪ ಮತ್ತೊಂದು ಚರಿಗೆ ತುಂಬಿದ.